ಅಟ್ಟದಲ್ಲಿ ಇಲಿ ಕಾಟ, ಬೋನಿಗೆ ಮಾತ್ರ ಬೀಳುವುದಿಲ್ಲ. ಎಂತ ಮಾಡುವುದು?

ನೀರ್ಚಾಲು_ಹಂಚಿನಮನೆ
ನಮಸ್ಕಾರ ಎಲ್ಲರಿಗೂ. ಮಳೆ ಹಿಡಿದ ಮೇಲೆ ನಮ್ಮಲ್ಲಿ ಇಲಿ ಕಾಟ ವಿಪರೀತ ಆಗಿದೆ. ನಮ್ಮದು ಹಳೆ ಹಂಚಿನ ಮನೆ, ಅದಕ್ಕೆ ತಾಗಿಕೊಂಡು ಹೊಸ ತಾರಸಿ ಭಾಗ. ತಾರಸಿ ಮೇಲೆ ಶೀಟು ಹಾಕಿ ಅಡಿಕೆ ಗೋಣಿ ಅಲ್ಲೇ ಇಟ್ಟಿದ್ದೇವೆ. ರಾತ್ರಿ ಲೈಟು ಆರಿಸಿದ್ದೇ ತಡ, ಮೇಲೆ ಓಡಾಟ ಶುರು. ಗೋಣಿ ಎಲ್ಲ ತೂತು. ಅಮ್ಮ ಪ್ಲಾಸ್ಟಿಕ್ ಡಬ್ಬದಲ್ಲಿ ಇಟ್ಟಿದ್ದ ಹಲಸಿನ ಹಪ್ಪಳವನ್ನೂ ಬಿಡಲಿಲ್ಲ, ಮುಚ್ಚಳವನ್ನೇ ಕೊರೆದಿವೆ. ಮೊನ್ನೆ ವಾಷಿಂಗ್ ಮೆಶಿನಿನ ಪೈಪು ಹೋಯಿತು.

ವಿಷ ಇಡುವ ಹಾಗಿಲ್ಲ. ಅಂಬೆಗಾಲಿಡುವ ಮಗು ಇದೆ, ನಾಯಿ ಉಂಟು, ಹಟ್ಟಿಯಲ್ಲಿ ದನ ಉಂಟು. ಹಾಗಾಗಿ ತಂತಿಯ ಬೋನು ತಂದೆ. ತೆಂಗಿನಕಾಯಿ ಚೂರು ಸಿಕ್ಕಿಸಿ ಇಟ್ಟರೆ ಇಲಿ ಸುತ್ತ ತಿರುಗಿ ಹೋಗುತ್ತದೆ, ಒಳಗೆ ಕಾಲಿಡುವುದಿಲ್ಲ. ಒಂದು ಸಲ ಕಾಯಿ ಚೂರು ಮಾಯ, ಬಾಗಿಲು ಮಾತ್ರ ತೆರೆದೇ ಇತ್ತು! ಬೋನು ಸಮ ಇಲ್ವಾ, ಇಡುವ ಕ್ರಮ ಸಮ ಇಲ್ವಾ? ಗೊತ್ತಿದ್ದವರು ಹೇಳಿ.

ಕುಂಬಳೆ_ರೈಲು
ಬೆಕ್ಕು ಸಾಕಿ. ಮುಗಿಯಿತು.

ಬಾಯಾರು_ಬೈಕ್
@ಕುಂಬಳೆ_ರೈಲು ನಮ್ಮಲ್ಲಿ ಬೆಕ್ಕಿನ ಸಂಸಾರವೇ ಉಂಟು. ಮೀನಿನ ಸ್ಕೂಟರಿನ ಹಾರ್ನ್ ಕೇಳಿದರೆ ಮಾತ್ರ ಎದ್ದೇಳುತ್ತವೆ. ಇಲಿ ಎದುರಿಗೇ ಹೋದರೂ ತಲೆ ಎತ್ತುವುದಿಲ್ಲ.

ಉಪ್ಪಳ_ಹಾರ್ಡ್‌ವೇರ್
ಕಾಯಿ ಹೋಗಿ ಬಾಗಿಲು ಬೀಳದಿದ್ದರೆ ಅದು ಕೊಕ್ಕೆಯ ದೋಷ. ಅಂಗಡಿಗೆ ಬರುವ ಬೋನುಗಳಲ್ಲಿ ಅರ್ಧಕ್ಕರ್ಧ ಹೀಗೇ ಇರುತ್ತವೆ, ನಾನು ಮಾರುವವನೇ ಹೇಳುತ್ತಿದ್ದೇನೆ. ಒಳಗಿನ ಕೊಕ್ಕೆಯ ಮೇಲ್ತುದಿ ಬಾಗಿಲಿನ ಸರಳನ್ನು ಜಾಸ್ತಿ ಹಿಡಿದಿರುತ್ತದೆ. ಕಟಿಂಗ್ ಪ್ಲೇಯರ್‌ನಿಂದ ಆ ತುದಿಯನ್ನು ಸ್ವಲ್ಪ ನೇರ ಮಾಡಿ. ಅಂಚಿನಲ್ಲಿ ಹಿಡಿದೂ ಹಿಡಿಯದ ಹಾಗೆ ನಿಲ್ಲಬೇಕು. ಒಂದು ಕಡ್ಡಿಯಿಂದ ಮೆಲ್ಲ ಮುಟ್ಟಿ ನೋಡಿ, ಠಪ್ ಅಂತ ಬಿದ್ದರೆ ಸಮ. ಸ್ಪ್ರಿಂಗಿಗೆ ಎರಡು ಹನಿ ಎಣ್ಣೆ ಬಿಡಿ, ನಮ್ಮ ಮಳೆಗೆ ಬೇಗ ತುಕ್ಕು ಹಿಡಿಯುತ್ತದೆ.

ಕಾಯಿ ಚೂರನ್ನು ಸುಮ್ನೆ ಚುಚ್ಚಿ ಇಟ್ಟರೆ ಎಳೆದುಕೊಂಡು ಹೋಗುವುದು ಸುಲಭ. ನೂಲಿನಲ್ಲಿ ಬಿಗಿದು ಕಟ್ಟಿ. ಆಗ ಎಳೆದಾಡಲೇಬೇಕು, ಎಳೆದರೆ ಬಾಗಿಲು ಬಿತ್ತು.

ಬದಿಯಡ್ಕ_ಮಾಸ್ಟ್ರು
ಹಾರ್ಡ್‌ವೇರ್‌ನವರು ಹೇಳಿದ್ದು ಸರಿ. ಆದರೆ ಇಲಿ ಸುತ್ತ ತಿರುಗಿ ಹೋಗುವುದಕ್ಕೆ ಕಾರಣ ಬೇರೆ. ಇಲಿಗೆ ಹೊಸ ವಸ್ತು ಅಂದರೆ ಸಂಶಯ. ದಿನವೂ ಓಡಾಡುವ ದಾರಿಯಲ್ಲಿ ನಿನ್ನೆ ಇಲ್ಲದ್ದು ಇವತ್ತು ಕಂಡರೆ ಸ್ವಲ್ಪ ದಿನ ಹತ್ತಿರ ಬರುವುದಿಲ್ಲ. ನಾವು ಎರಡು ರಾತ್ರಿ ಇಟ್ಟು, ಬೀಳಲಿಲ್ಲ ಅಂತ ಬೇಸತ್ತು ಬೋನನ್ನು ಮೂಲೆಗೆ ಬಿಸಾಡುತ್ತೇವೆ. ಅದು ನಂಬುವ ಹೊತ್ತಿಗೆ ನಾವು ಎತ್ತಿರುತ್ತೇವೆ.

ಮಾಡಬೇಕಾದ್ದು ಇಷ್ಟು. ಬಾಗಿಲನ್ನು ತಂತಿಯಿಂದ ಕಟ್ಟಿ, ಬೀಳದ ಹಾಗೆ ಮಾಡಿ. ಒಳಗೂ ಹೊರಗೂ ತಿಂಡಿ ಇಡಿ. ನಾಲ್ಕೈದು ರಾತ್ರಿ ಪುಕ್ಕಟೆ ಊಟ ಹಾಕಿ. ಒಳಗೆ ಹೋಗಿ ತಿನ್ನುವುದು ಅಭ್ಯಾಸ ಆದ ಮೇಲೆ ತಂತಿ ಬಿಚ್ಚಿ, ಬೋನು ಹೂಡಿ.

ಜಾಗವೂ ಮುಖ್ಯ. ಕೋಣೆಯ ನಡುವೆ ಇಟ್ಟರೆ ಪ್ರಯೋಜನ ಇಲ್ಲ. ಇಲಿಗೆ ಕಣ್ಣು ಅಷ್ಟಕ್ಕಷ್ಟೆ, ಮೀಸೆ ತಾಗಿಸಿಕೊಂಡು ಗೋಡೆ ಬದಿಯಲ್ಲೇ ಓಡುವುದು. ಮಾಡಿನ ಮರದ ಪಕ್ಕಾಸಿನ ಮೇಲೆ, ಗೋಡೆಯ ಅಂಚಿನಲ್ಲಿ ಎಣ್ಣೆ ಜಿಡ್ಡಿನ ಹಾಗೆ ಕಪ್ಪು ಗೆರೆ ಕಂಡರೆ ಅದೇ ದಾರಿ. ಬೋನನ್ನು ಗೋಡೆಗೆ ತಾಗಿಸಿ ಉದ್ದಕ್ಕೆ ಇಡಿ. ಸ್ಪ್ರಿಂಗ್ ಹೊಡೆದು ಕೊಲ್ಲುವ ಮರದ ಹಲಗೆಯ ಕತ್ತರಿ ಆದರೆ ಅಡ್ಡಕ್ಕೆ, ತಿಂಡಿಯ ತುದಿ ಗೋಡೆ ಕಡೆಗೆ ಬರುವಂತೆ ಇಡಬೇಕು. ಒಂದೇ ಬೋನು ಇಟ್ಟು ಕಾಯಬೇಡಿ, ಇದ್ದಷ್ಟನ್ನೂ ಒಟ್ಟಿಗೆ ಇಡಿ.

ಮುಳ್ಳೇರಿಯ_ಡೈರಿ
ಮಾಸ್ಟ್ರೇ, ಕೈಯ ವಾಸನೆ ಸಿಕ್ಕಿದರೆ ಇಲಿ ಬರುವುದಿಲ್ಲ ಅಂತಾರಲ್ವಾ? ನಮ್ಮ ಅಜ್ಜಿ ಬೋನಿಗೆ ಹೊಗೆ ಹಾಕಿಯೇ ಇಡುತ್ತಿದ್ದರು. ಇಡುವಾಗ ಯಾರೂ ಇಲಿಯ ಹೆಸರು ಎತ್ತಬಾರದು, ಅದಕ್ಕೆ ಕೇಳಿಸುತ್ತದೆ ಅಂತ ಬೇರೆ.

ಬದಿಯಡ್ಕ_ಮಾಸ್ಟ್ರು
@ಮುಳ್ಳೇರಿಯ_ಡೈರಿ ಹೆಸರು ಎತ್ತಿದರೆ ತೊಂದರೆ ಇಲ್ಲ! ಕೈವಾಸನೆಯೂ ದೊಡ್ಡ ವಿಷಯ ಅಲ್ಲ ಅಂತ ನನ್ನ ಅಭಿಪ್ರಾಯ. ಮನೆ ತುಂಬ ನಮ್ಮದೇ ವಾಸನೆ, ಅದರ ನಡುವೆಯೇ ಅವು ಬದುಕುವುದು. ಆದರೂ ಕೈಗವಸು ಹಾಕಿ. ಅದು ನಮ್ಮ ಆರೋಗ್ಯಕ್ಕೆ, ಇಲಿಗೆ ಮೋಸ ಮಾಡಲಿಕ್ಕೆ ಅಲ್ಲ.

ಪೆರ್ಲದ_ಅಕ್ಕ
ಹಸಿ ಕಾಯಿ ಚೂರಿಗೆ ಯಾವ ಇಲಿ ಬರುತ್ತದೆ? ತೋಟದಲ್ಲಿ ಬೇಕಾದಷ್ಟು ಸಿಗುವುದಿಲ್ವಾ ಅದಕ್ಕೆ! ಕಾಯಿಯನ್ನು ಕೆಂಡದಲ್ಲಿ ಸುಟ್ಟು ಇಡಿ, ಕಂಪು ಅಟ್ಟದವರೆಗೆ ಹೋಗಬೇಕು. ನಮ್ಮಲ್ಲಿ ಒಳ್ಳೆ ಕೆಲಸ ಮಾಡಿದ್ದು ಎಣ್ಣೆಯಲ್ಲಿ ಕಾಯಿಸಿದ ಹಪ್ಪಳದ ಚೂರು, ಹುರಿದ ಹಲಸಿನ ಬೀಜ, ನೆಲಗಡಲೆ ಜಜ್ಜಿ ಬೆಲ್ಲ ಸೇರಿಸಿದ ಉಂಡೆ. ನಿಮ್ಮಲ್ಲಿ ಅದು ಈಗಾಗಲೇ ಏನು ಕದ್ದು ತಿನ್ನುತ್ತಿದೆಯೋ ಅದನ್ನೇ ಬೋನಿಗೂ ಇಡಿ. ಹಪ್ಪಳ ರುಚಿ ಕಂಡದ್ದಕ್ಕೆ ಹಪ್ಪಳವೇ ಆಗಬೇಕು.

ಅಮ್ಮನಿಗೆ ಹೇಳಿ, ಉಂಡಲಕಾಳು (ಹಲಸಿನ ಸೊಳೆಯ ಕರಿದ ತಿಂಡಿ) ಇದ್ದರೆ ಬೇಗ ಸ್ಟೀಲ್ ಡಬ್ಬಕ್ಕೆ ಹಾಕಲಿ. ಮುಂದಿನ ಸರದಿ ಅದರದ್ದೇ.

ಮಂಜೇಶ್ವರ_ಕಡಲು
ಒಣಮೀನಿನ ತಲೆ ಸುಟ್ಟು ಇಡಿ. ಇದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ.

ಪೆರ್ಲದ_ಅಕ್ಕ
@ಮಂಜೇಶ್ವರ_ಕಡಲು ನಮ್ಮ ಅಟ್ಟದಲ್ಲಿ ಒಣಮೀನು ಸುಟ್ಟರೆ ಇಲಿಗಿಂತ ಮೊದಲು ಅತ್ತೆ ಮನೆ ಬಿಟ್ಟು ಹೋಗುತ್ತಾರೆ.

ಬಾಯಾರು_ಬೈಕ್
ಮಧೂರು ದೇವಸ್ಥಾನದ ಸಿಹಿ ಅಪ್ಪ ಇಡಿ. ಅದು ಗಣಪತಿಯ ವಾಹನ ಅಲ್ವಾ, ಬಾರದೆ ಇರುತ್ತದಾ?

ಮಧೂರು_ವಾಸಿ
ಪ್ರಸಾದದ ವಿಷಯದಲ್ಲಿ ತಮಾಷೆ ಬೇಡ ಮಾರಾಯ್ರೆ.

ಬಾಯಾರು_ಬೈಕ್
ಸರಿ ಅಣ್ಣ, ತಪ್ಪು ತಿಳಿಯಬೇಡಿ. ಅಪ್ಪ ಮನೆಗೆ ಬಂದರೆ ನಾವೇ ಬಿಡುವುದಿಲ್ಲ, ಇಲಿಗೆ ಎಲ್ಲಿಂದ?

ಎಣ್ಮಕಜೆ_ಗುಡ್ಡೆ
ಮೊದಲು ಬಂದಿರುವುದು ಯಾವುದು ಅಂತ ಗೊತ್ತಾಗಬೇಕು. ಎಲ್ಲವನ್ನೂ ಇಲಿ ಅಂದರೆ ಆಗುವುದಿಲ್ಲ. ಮಾಡಿನಲ್ಲಿ ಓಡಾಡುವುದು, ಮರ ಹತ್ತುವುದು, ಬಾಲ ಮೈಗಿಂತ ಉದ್ದ ಇರುವುದು ಸಾಧಾರಣ ಮನೆ ಇಲಿ. ಅಂಗಳದ ಬದಿಯಲ್ಲಿ, ಹಟ್ಟಿಯ ಅಡಿಯಲ್ಲಿ ಮಣ್ಣು ರಾಶಿ ಹಾಕಿ ಬಿಲ ತೋಡುವುದು ಹೆಗ್ಗಣ. ಹೆಗ್ಗಣಕ್ಕೆ ಸಣ್ಣ ಬೋನು ಸಾಲದು. ಬಾಲ ಹೊರಗೆ ಉಳಿದು ಬಾಗಿಲು ಸಮ ಮುಚ್ಚದೆ ಹಿಂದಕ್ಕೆ ಬರುತ್ತದೆ. ಮೂರನೆಯದು ಸುಂಡಿಲಿ. ಉದ್ದ ಮೂತಿ, ಕೀಚ್ ಕೀಚ್ ಸದ್ದು, ಕೆಟ್ಟ ವಾಸನೆ. ಅದು ಇಲಿಯ ಜಾತಿಯೇ ಅಲ್ಲ. ವಯರ್ ಕಚ್ಚುವುದಿಲ್ಲ, ಗೋಣಿ ಕೊರೆಯುವುದಿಲ್ಲ. ಜಿರಲೆ, ಹುಳಹುಪ್ಪಟೆ ತಿಂದು ಬದುಕುವ ಪಾಪದ ಪ್ರಾಣಿ. ಬೋನಿಗೆ ಅದು ಬಿದ್ದರೆ ಹೊರಗೆ ಬಿಡಿ.

ಕುಂಬಳೆ_ರೈಲು
ಪಾಪದ್ದಾ? ಅದರ ವಾಸನೆಗೆ ಅಕ್ಕಿ ಡಬ್ಬವನ್ನೇ ಬಿಸಾಡಬೇಕಾಗಿ ಬಂದಿದೆ.

ಕಾಸರಗೋಡು_ಫ್ಲಾಟ್
ಇಷ್ಟೆಲ್ಲ ತಲೆಬಿಸಿ ಯಾಕೆ? ಅಂಟಿನ ಪುಸ್ತಕ ಸಿಗುತ್ತದೆ. ಬಿಡಿಸಿ ಇಟ್ಟರೆ ಬೆಳಗ್ಗೆ ಇಲಿ ಅಂಟಿರುತ್ತದೆ. ಹಾಗೇ ಮಡಚಿ ಬಿಸಾಡುವುದು. ಕೈಗೂ ತಾಗುವುದಿಲ್ಲ.

ಎಣ್ಮಕಜೆ_ಗುಡ್ಡೆ
@ಕಾಸರಗೋಡು_ಫ್ಲಾಟ್ ಬಿಸಾಡಿದ ಮೇಲೆ ಅದು ಎಷ್ಟು ಹೊತ್ತು ಜೀವದಲ್ಲಿ ಇರುತ್ತದೆ ಗೊತ್ತುಂಟಾ? ಕಾಲು ಚರ್ಮ ಕಿತ್ತುಕೊಂಡು ಒದ್ದಾಡಿ ಸಾಯುವುದು. ಪ್ರಾಣಿ ಕಲ್ಯಾಣ ಮಂಡಳಿಯೇ ಇದು ಬೇಡ ಅಂತ ಹೇಳಿದೆ. ಕೊಲ್ಲುವುದಾದರೆ ಒಂದೇ ಏಟಿಗೆ ಹೋಗುವ ಕತ್ತರಿ ಇಡಿ.

ಕಾಸರಗೋಡು_ಫ್ಲಾಟ್
ಇಲಿಗೂ ಮಾನವ ಹಕ್ಕು ಬಂತಾ ಈಗ?

ಮುಳ್ಳೇರಿಯ_ಡೈರಿ
ಹಕ್ಕು ಬಿಡಿ. ನಮ್ಮ ಅಂಟಿಗೆ ಹಲ್ಲಿ ಬಿತ್ತು, ಆಮೇಲೆ ಪಕ್ಕದ ಮನೆಯ ಬೆಕ್ಕಿನ ಮರಿ. ಬಿಡಿಸಬೇಕಾದರೆ ಎಣ್ಣೆ ಹಾಕಿ ಮೆಲ್ಲ ಮೆಲ್ಲ ತಿಕ್ಕಬೇಕು. ತೆಂಗಿನೆಣ್ಣೆಯ ಈಗಿನ ರೇಟಿನಲ್ಲಿ ಅದೊಂದು ದಂಡ. ಹಂಚಿನ ಮನೆಯಲ್ಲಿ ಧೂಳು ಬಿದ್ದು ಅಂಟು ಬೇಗ ಕೆಲಸಕ್ಕೆ ಬಾರದೆ ಹೋಗುತ್ತದೆ, ಅದೂ ಇದೆ.

ಸೀತಾಂಗೋಳಿ_ಡ್ರೈವರ್
ಇಲಿ ವಿಷದ ಕೇಕ್ ಇಟ್ಟುಬಿಡಿ ಸಾರ್. ಕಾರಿನ ವಯರಿಂಗ್ ತಿಂದು ಗ್ಯಾರೇಜಿನಲ್ಲಿ ಬಿಲ್ಲು ಕೊಟ್ಟವನ ಕಷ್ಟ ನನಗೆ ಗೊತ್ತು. ಕೇಕ್ ತಿಂದರೆ ನೀರು ಹುಡುಕಿ ಮನೆಯ ಹೊರಗೆ ಹೋಗಿ ಸಾಯುತ್ತದೆ.

ಬದಿಯಡ್ಕ_ಮಾಸ್ಟ್ರು
@ಸೀತಾಂಗೋಳಿ_ಡ್ರೈವರ್ ಅದು ಪ್ಯಾಕೆಟ್ ಮಾರುವವರ ಮಾತು. ಕೇಕಿನಲ್ಲಿ ಇರುವುದು ಬ್ರೊಮಾಡಯಲೋನ್. ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಒಳಗೇ ರಕ್ತ ಹರಿದು ಕೆಲವು ದಿನಗಳ ನಂತರ ಸಾಯುವುದು. ಎಲ್ಲಿ ಸುಸ್ತಾಯಿತೋ ಅಲ್ಲೇ ಬೀಳುತ್ತದೆ. ಹಂಚಿನ ಅಡಿ, ಅಡಿಕೆ ರಾಶಿಯ ಅಡಿ, ಸೀಲಿಂಗ್ ಒಳಗೆ. ಆ ವಾಸನೆ ಅನುಭವಿಸಿದವರಿಗೇ ಗೊತ್ತು. ಆ ಇಲಿಯನ್ನು ತಿಂದ ಗೂಬೆ, ಬೆಕ್ಕು, ನಾಯಿಗೂ ವಿಷ ಏರುತ್ತದೆ. ಇಲಿ ಹಿಡಿಯುವವರನ್ನೇ ಕೊಂದ ಹಾಗಾಯಿತು.

ಎಣ್ಮಕಜೆ_ಗುಡ್ಡೆ
ವಿಷದ ಸುದ್ದಿ ಬಂದರೆ ನಮ್ಮ ಕಡೆಯವರಿಗೆ ಹೊಟ್ಟೆ ತೊಳಸುತ್ತದೆ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟು ದೇಶವಿಡೀ ತಡೆ ಹಾಕಿತು. ಆ ವಿಷದ ಫಲ ಉಣ್ಣುವ ಮಕ್ಕಳು ಇವತ್ತಿಗೂ ನಮ್ಮ ನೆರೆಕರೆಯಲ್ಲಿದ್ದಾರೆ. ಏನೂ ಆಗುವುದಿಲ್ಲ ಅಂತ ಪ್ಯಾಕೆಟ್ ಮೇಲೆ ಬರೆದದ್ದನ್ನು ನಾನು ನಂಬುವುದಿಲ್ಲ.

ಸೀತಾಂಗೋಳಿ_ಡ್ರೈವರ್
ಅದು ಬೇರೆ, ಇದು ಬೇರೆ ಅಣ್ಣ. ಎಲ್ಲವನ್ನೂ ಒಂದೇ ಗೋಣಿಗೆ ತುಂಬಬೇಡಿ.

ನರ್ಸ್_ಬೋವಿಕಾನ
ಬೇರೆಯೇ ಇರಬಹುದು, ಆದರೆ ಮಗು ಇರುವ ಮನೆಯಲ್ಲಿ ಕೇಕು ಬೇಡ. ಕೇಕಿಗಾದರೂ ವಿಟಮಿನ್ ಕೆ ಅಂತ ಮದ್ದು ಉಂಟು. ಟ್ಯೂಬಿನಲ್ಲಿ ಬರುವ ಹಳದಿ ಫಾಸ್ಫರಸ್ ಪೇಸ್ಟಿಗೆ ಪ್ರತಿವಿಷವೇ ಇಲ್ಲ, ಲಿವರ್ ಹೋಗುತ್ತದೆ. ಮೊದಲ ದಿನ ಏನೂ ಆಗಿಲ್ಲ ಅನ್ನಿಸುತ್ತದೆ, ಅದನ್ನು ನಂಬಿ ಕೂತರೆ ಕೆಟ್ಟಿತು. ಟೂತ್‌ಪೇಸ್ಟ್ ಅಂತ ತಿಳಿದು ಬಾಯಿಗೆ ಹಾಕುವ ಅಪಾಯ ಬೇರೆ. ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಇಟ್ಟುಕೊಳ್ಳಬೇಡಿ.

ಇನ್ನೊಂದು ವಿಷಯ, ಇಲಿಜ್ವರ. ಇಲಿಯ ಮೂತ್ರ ಸೇರಿದ ನೀರು, ಕೆಸರು ಕಾಲಿನ ಗಾಯಕ್ಕೆ ತಾಗಿದರೆ ಸಾಕು. 2018ರ ನೆರೆಯ ನಂತರ ಕೇರಳದಲ್ಲಿ ಎಷ್ಟು ಜನ ಮಲಗಿದರು ಅಂತ ನೆನಪಿರಬಹುದು. ಜ್ವರದ ಜೊತೆ ಮೀನಖಂಡದಲ್ಲಿ ನೋವು, ಕಣ್ಣು ಕೆಂಪು, ಮೂತ್ರ ಕಡಿಮೆ, ಮೈ ಹಳದಿ ಬಣ್ಣ ಕಂಡರೆ ಪ್ಯಾರಾಸಿಟಮಾಲ್ ನುಂಗಿ ಕೂರಬೇಡಿ. ಮಳೆಗಾಲದಲ್ಲಿ ತೋಟದ ಕಣಿ (ನೀರು ಹೋಗುವ ಚರಂಡಿ) ಬಿಡಿಸುವವರು, ಹಟ್ಟಿ ತೊಳೆಯುವವರು ಬೂಟು ಹಾಕಬೇಕು. ಡಾಕ್ಸಿಸೈಕ್ಲಿನ್ ವಾರಕ್ಕೊಮ್ಮೆ 200 ಮಿಲಿಗ್ರಾಂ ಆರೋಗ್ಯ ಕೇಂದ್ರದಲ್ಲೇ ಕೊಡುತ್ತಾರೆ. ಕೇಳಿ, ಅವರು ಹೇಳಿದ ಹಾಗೆ ತೆಗೆದುಕೊಳ್ಳಿ. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಆ ಮಾತ್ರೆ ಅಲ್ಲ.

ಅಟ್ಟದ ಹಿಕ್ಕೆಯನ್ನು ಒಣಗಿದ ಹಾಗೇ ಗುಡಿಸಬೇಡಿ. ಬ್ಲೀಚಿಂಗ್ ಪೌಡರ್ ನೀರು ಚಿಮುಕಿಸಿ, ನೆನೆದ ಮೇಲೆ ಒರೆಸಿ.

ನೀರ್ಚಾಲು_ಹಂಚಿನಮನೆ
ಎಲ್ಲರಿಗೂ ಧನ್ಯವಾದ. ಕೊಕ್ಕೆ ನೇರ ಮಾಡಿದೆ, ಮಾಸ್ಟ್ರು ಹೇಳಿದ ಹಾಗೆ ಬಾಗಿಲು ಕಟ್ಟಿ ಹಪ್ಪಳ ಹಾಕುತ್ತಾ ಬಂದೆ. ನಿನ್ನೆ ಹೂಡಿದ್ದು, ಇವತ್ತು ಬೆಳಗ್ಗೆ ಒಂದು ಬಿದ್ದಿದೆ. ಉದ್ದ ಬಾಲದ್ದು. ಈಗ ದೊಡ್ಡ ಪ್ರಶ್ನೆ: ಇದನ್ನು ಎಂತ ಮಾಡುವುದು? ಹೆಂಡತಿ ಕೊಲ್ಲಬೇಡಿ ಅಂತಾಳೆ, ಅಮ್ಮ ಬಿಡಬೇಡ ಅಂತಾರೆ.

ಕುಂಬಳೆ_ರೈಲು
ಬಕೆಟ್ಟಿನಲ್ಲಿ ಮುಳುಗಿಸಿ. ಎಲ್ಲರೂ ಮಾಡುವುದು ಅದೇ.

ಪೆರ್ಲದ_ಅಕ್ಕ
ದೂರ ಗುಡ್ಡೆಯಲ್ಲಿ ಬಿಟ್ಟು ಬನ್ನಿ ತಮ್ಮಾ. ಜೀವ ತೆಗೆಯುವುದು ಯಾಕೆ?

ಉಪ್ಪಳ_ಹಾರ್ಡ್‌ವೇರ್
ಅಕ್ಕಾ, ಆ ದೂರದ ಗುಡ್ಡೆಯ ಕೆಳಗೆ ನಮ್ಮ ಮನೆ ಇರುತ್ತದೆ. ಬೆಳಗ್ಗೆ ಬೇಗ ಸ್ಕೂಟರಿನಲ್ಲಿ ಗೋಣಿ ಇಟ್ಟುಕೊಂಡು ಬರುವವರನ್ನು ನಾನು ದಿನಾ ನೋಡುತ್ತೇನೆ. ನಿಮ್ಮ ಪುಣ್ಯ, ನಮ್ಮ ಅಕ್ಕಿ.

ಬದಿಯಡ್ಕ_ಮಾಸ್ಟ್ರು
ಬೇಲಿಯಾಚೆ ಬಿಟ್ಟರೆ ರಾತ್ರಿ ವಾಪಸು. ತುಂಬ ದೂರ ಬಿಟ್ಟರೆ ಗೊತ್ತಿಲ್ಲದ ಜಾಗದಲ್ಲಿ ಬಿಲ ಇಲ್ಲ, ಆಹಾರ ಇಲ್ಲ, ಹೆಚ್ಚಾಗಿ ಸಾಯುವುದೇ. ಬಿಟ್ಟವರ ಮನಸ್ಸಿಗೆ ಮಾತ್ರ ಸಮಾಧಾನ. ಅದಕ್ಕೇ ನಾನು ಮಗುವಿನ ಕೈಗೆಟುಕದ ಅಟ್ಟದಲ್ಲಿ ಕತ್ತರಿ ಇಡುವ ಪಕ್ಷ. ಕ್ಷಣದಲ್ಲಿ ಮುಗಿಯುತ್ತದೆ.

ನರ್ಸ್_ಬೋವಿಕಾನ
ಯಾವುದು ಮಾಡಿದರೂ ಬರಿಗೈಯಲ್ಲಿ ಮುಟ್ಟಬೇಡಿ. ಮುಳುಗಿಸುವವರು ಸ್ನಾನದ ಬಕೆಟ್ಟು ಬಳಸಬೇಡಿ, ಆ ನೀರನ್ನು ತರಕಾರಿ ಬುಡಕ್ಕೆ ಚೆಲ್ಲಬೇಡಿ. ಸತ್ತದ್ದನ್ನು ಬಾವಿಯಿಂದ ದೂರ, ನಾಯಿ ಕೆದಕದಷ್ಟು ಆಳಕ್ಕೆ ಹೂಳಿ. ಬೋನನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆದು ಬಿಸಿಲಿಗಿಡಿ.

ಬಾಯಾರು_ಬೈಕ್
ಬಿಸಿಲು ಎಲ್ಲಿದೆ ಸಿಸ್ಟರ್ ಈಗ?

ಎಣ್ಮಕಜೆ_ಗುಡ್ಡೆ
ಒಂದು ಬಿತ್ತು ಅಂತ ಖುಷಿಪಡಬೇಡಿ. ಹೆಣ್ಣಿಲಿ ಬಸಿರಾದ ಮೂರು ವಾರಕ್ಕೆ ಮರಿ ಹಾಕುತ್ತದೆ, ಒಂದು ಸಲಕ್ಕೆ ಆರೇಳು ಎಂಟು. ಬೋನಿನಿಂದ ಮಾತ್ರ ಗೆಲ್ಲಲಿಕ್ಕೆ ಆಗುವುದಿಲ್ಲ. ಒಳಗೆ ಬರುವ ದಾರಿ ಮುಚ್ಚಬೇಕು. ಹೆಬ್ಬೆರಳು ತೂರುವ ತೂತು ಅದಕ್ಕೆ ಹೆಬ್ಬಾಗಿಲು. ಕಾಲು ಇಂಚಿನ ಕಬ್ಬಿಣದ ಜಾಲರಿ ತಂದು ಶೀಟಿಗೂ ಗೋಡೆಗೂ ನಡುವೆ ಇರುವ ಸಂದಿಗೆ ಹೊಡೆಯಿರಿ. ನಮ್ಮ ಕಡೆ ತಾರಸಿ ಮೇಲೆ ಶೀಟು ಹಾಕಿದ ಮನೆಗಳಲ್ಲಿ ಆ ಸಂದಿಯನ್ನು ಯಾರೂ ಮುಚ್ಚುವುದಿಲ್ಲ, ಗಾಳಿ ಬೇಕು ಅಂತ ಬಿಡುತ್ತಾರೆ. ಜಾಲರಿ ಹಾಕಿದರೆ ಗಾಳಿಯೂ ಬರುತ್ತದೆ. ಪೈಪು ಹೋಗುವ ತೂತಿಗೆ ಗಾಜಿನ ಚೂರು ಬೆರೆಸಿದ ಸಿಮೆಂಟು. ಮಾಡಿಗೆ ತಾಗುವ ಮಾವಿನ ಗೆಲ್ಲು, ತೆಂಗಿನ ಮಡಲು ಎಲ್ಲ ಕಡಿಯಿರಿ.

ಗೋಣಿಯನ್ನು ಗೋಡೆಗೆ ಒತ್ತಿ ಇಡಬೇಡಿ. ಅಡಿಗೆ ಮರದ ಅಟ್ಟಳಿಗೆ, ಹಿಂದೆ ಆಳು ಹೋಗುವಷ್ಟು ಜಾಗ. ಇಲಿಗೆ ಅಡಗುವ ಕತ್ತಲೆಯೇ ಬೇಕಾದ್ದು.

ಕಾಸರಗೋಡು_ಫ್ಲಾಟ್
ಪ್ಲಗ್ಗಿಗೆ ಹಾಕುವ ಶಬ್ದದ ಮೆಶಿನ್ ಆನ್‌ಲೈನಿನಲ್ಲಿ ಬರುತ್ತದಲ್ಲ, ಯಾರಾದರೂ ತರಿಸಿದ್ದೀರಾ?

ಉಪ್ಪಳ_ಹಾರ್ಡ್‌ವೇರ್
ದುಡ್ಡು ದಂಡ. ಮೊದಲೆರಡು ದಿನ ಹೆದರುತ್ತದೆ, ಆಮೇಲೆ ಅದರ ಮೇಲೆಯೇ ಕೂರುತ್ತದೆ. ಆ ಹಣಕ್ಕೆ ಒಳ್ಳೆ ಜಾಲರಿ ಬರುತ್ತದೆ. (ನನ್ನ ಅಂಗಡಿಯಲ್ಲೇ ತೆಗೆದುಕೊಳ್ಳಬೇಕು ಅಂತೇನಿಲ್ಲ.)

ಮುಳ್ಳೇರಿಯ_ಡೈರಿ
ಇಲಿ ಇದ್ದಲ್ಲಿಗೆ ಹಾವು ಬರುವುದೂ ಉಂಟು. ಹಟ್ಟಿಯ ಹಿಂದೆ ಕೇರೆ ಕಂಡರೆ ನಾವು ಓಡಿಸುವುದಿಲ್ಲ. ವಿಷ ಇಲ್ಲ, ಇಲಿಗೆ ಯಮ. ಆದರೆ ನಾಗರಹಾವೂ ಅದೇ ದಾರಿಯಲ್ಲಿ ಬರುತ್ತದಲ್ಲ, ಅದೇ ಹೆದರಿಕೆ. ರಾತ್ರಿ ಬೋನು ನೋಡಲು ಹೋಗುವವರು ಟಾರ್ಚ್ ಹಿಡಿದುಕೊಳ್ಳಿ.

ಅಡೂರು_ತೋಟ
ಮನೆಯ ಇಲಿ ಹೇಗೋ ಆಯಿತು. ತೆಂಗಿನ ಮರದ್ದಕ್ಕೆ ಎಂತ ಮಾಡುವುದು? ಎಳೆ ಕಾಯಿ ತೊಟ್ಟಿನ ಹತ್ತಿರ ತೂತಾಗಿ ಬುಡದಲ್ಲಿ ಬಿದ್ದಿರುತ್ತದೆ.

ಬದಿಯಡ್ಕ_ಮಾಸ್ಟ್ರು
@ಅಡೂರು_ತೋಟ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ಹೇಳುವುದು ತಗಡಿನ ಪಟ್ಟಿ. 40 ಸೆಂಟಿಮೀಟರ್ ಅಗಲದ ಜಿಐ ಶೀಟನ್ನು ನೆಲದಿಂದ 2 ಮೀಟರ್ ಎತ್ತರದಲ್ಲಿ ಕಾಂಡಕ್ಕೆ ಸುತ್ತಬೇಕು. ಉಗುರು ಜಾರುತ್ತದೆ, ಮೇಲೆ ಹೋಗಲಿಕ್ಕೆ ಆಗುವುದಿಲ್ಲ.

ಅಡೂರು_ತೋಟ
ಕಟ್ಟಿ ನೋಡಿದ್ದೇವೆ. ನಮ್ಮ ತೋಟದಲ್ಲಿ ಮಡಲಿಗೆ ಮಡಲು ತಾಗಿಕೊಂಡಿದೆ, ಅಡಿಕೆ ಮರದಿಂದ ತೆಂಗಿಗೆ ಹಾರುತ್ತದೆ. ಕಾಳುಮೆಣಸಿನ ಬಳ್ಳಿ ಬೇರೆ ಏಣಿ. ಮರ ಹತ್ತುವವರಿಗೂ ತಗಡು ಕಂಡರೆ ಕೋಪ, ಯಂತ್ರ ಜಾರುತ್ತದೆ ಅಂತ ಬಯ್ಯುತ್ತಾರೆ. ಈಗ ಹತ್ತುವವರು ಸಿಗುವುದೇ ಕಷ್ಟ, ಅವರನ್ನು ಮುನಿಸಿಕೊಂಡು ಎಲ್ಲಿ ಹೋಗುವುದು?

ಬದಿಯಡ್ಕ_ಮಾಸ್ಟ್ರು
ಬಿಡಿ ಬಿಡಿಯಾಗಿರುವ ಮರಕ್ಕೆ, ಅಂಗಳದ ಮರಕ್ಕೆ ಅದು ಸರಿ. ಒತ್ತಾಗಿರುವ ತೋಟಕ್ಕೆ ಆಗುವುದಿಲ್ಲ, ಒಪ್ಪುತ್ತೇನೆ. ಅಲ್ಲಿ ತೆಂಗಿನ ಮಂಡೆ ಕ್ಲೀನ್ ಮಾಡಿಸಿ, ಒಣ ಮಡಲು, ಹಳೆ ಕೊತ್ತಳಿಗೆ ತೆಗೆಸಿ. ಗೂಡು ಕಟ್ಟುವುದು ಅಲ್ಲೇ.

ಸೀತಾಂಗೋಳಿ_ಡ್ರೈವರ್
ನಮ್ಮ ಕೊಕ್ಕೋ ಪೂರಾ ಅಳಿಲಿನ ಪಾಲು. ಇಲಿಗೆ ಸುಮ್ನೆ ಹೆಸರು.

ಅಡೂರು_ತೋಟ
ಅಳಿಲು ಅಂತ ಹೇಗೆ ಗೊತ್ತು? ಕಾಯಿಯ ನಡುಮಧ್ಯೆ ದುಂಡಗೆ ಕೊರೆದಿದ್ದರೆ ಅಳಿಲು. ತೊಟ್ಟಿನ ಹತ್ತಿರ ಅಡ್ಡಾದಿಡ್ಡಿ ಕಚ್ಚಿದ್ದರೆ ಇಲಿ. ತೂತಿನ ಫೋಟೊ ಹಾಕಿ, ಆಮೇಲೆ ಅಳಿಲಿಗೆ ಬಯ್ಯಿರಿ.